ಎರಡು ಬಸ್ಸಿನ ಹುಡುಗಿ

ಕಾಲ್ಡರ್ ಸ್ಟ್ರೀಟ್
ಸೆಪ್ಟೆಂಬರ್ 14, 2004

ಪ್ರಿಯ ಓಡೆಸಾ,

ಭೂಮಂಡಲದ ಸಮಸ್ತ ನಾಗರಿಕರಿಗೂ, ಅವರ ಪೈಕಿ ಅಗ್ರಗಣ್ಯಳಾದ ನಿನಗೂ, ಈ ಮೂಲಕ ಘೋಷಿಸುವುದೇನೆಂದರೆ: ಇಂದು ಬೆಳಗ್ಗೆ ಕಾಲ್ಡರ್ ಸ್ಟ್ರೀಟ್ ಶಾಲೆಯ ಸಂಗೀತದ ಕೋಣೆಯ ಬಾಗಿಲು ಮುಚ್ಚಿಕೊಂಡಿತು.

ನಗಬೇಡ, ಇದು ಇತಿಹಾಸ. ನಾವಿಬ್ಬರೂ ಅಲ್ಲಿ ಓದುತ್ತಿದ್ದಾಗ ಸಲೀಸಾಗಿ ಮುಚ್ಚುತ್ತಿದ್ದ ಬಾಗಿಲು ಅದು. ಹ್ಯಾಲೊವೆಲ್ ವಿಶ್ವವಿದ್ಯಾಲಯ ಆ ಬಡಪಾಯಿ ಶಾಲೆಯ ಕೈಹಿಡಿದು ಮೇಲೆತ್ತಲು ಶುರುಮಾಡಿದ ಮೇಲೆ ಮುಚ್ಚುವುದನ್ನು ನಿಲ್ಲಿಸಿತು. ಕೈಹಿಡಿಯುವ ಆ ಯೋಜನೆಗೆ ನಾನೇ ನಿರ್ದೇಶಕನಾದ್ದರಿಂದ ಕಾರಣವೂ ನನಗೆ ಗೊತ್ತು. ಪ್ರತಿ ವರ್ಷ ನಮ್ಮ ಹೊಸ ವಿದ್ಯಾರ್ಥಿಗಳು ಹಳದಿ ಅಂಗಿ ತೊಟ್ಟು 'ಸೇವಾ ದಿನ' ಆಚರಿಸಲು ಬರುತ್ತಾರೆ. ಅವರಿಗೆ ಮಕ್ಕಳಿಗೆ ಭಾಗಾಕಾರ ಹೇಳಿಕೊಡಲು ಬಾರದು, ಮೂಗು ಒರೆಸಲು ಬಾರದು, ಅಡುಗೆಮನೆಗೆ ಬಿಟ್ಟರೆ ಅಲ್ಲಿಯ ಹೆಂಗಸರು ಸೌಟು ಎತ್ತುತ್ತಾರೆ. ಹಾಗಾಗಿ ಕೈಗೊಂದು ಕುಂಚ ಕೊಡುತ್ತೇವೆ. ಹೋದ ವರ್ಷದ ಬಣ್ಣ ಚೆನ್ನಾಗಿಯೇ ಇರುತ್ತದೆ. ಅದರ ಮೇಲೆಯೇ ಬಳಿಯುತ್ತಾರೆ. ಬಾಗಿಲು ಉಬ್ಬುತ್ತ ಬಂದು, ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಊಟ ಮುಗಿಸಿದ ನನ್ನ ಚಿಕ್ಕಪ್ಪನಂತೆ ಚೌಕಟ್ಟಿನೊಳಗೆ ಹೋಗಲೊಲ್ಲೆ ಎಂದು ಹಟ ಹಿಡಿಯಿತು. ಒಳಗೆ ಮಕ್ಕಳು ಊದಿದ್ದು ಬಾರಿಸಿದ್ದೆಲ್ಲ ಇಡೀ ಶಾಲೆಗೆ ಪ್ರಸಾದ. ಕೊನೆಗೆ ಇವತ್ತು ಬಡಗಿ ಬಂದ. ಕೆರೆದಂತೆಲ್ಲ ಹಳದಿ, ನೀಲಿ, ಮತ್ತೆ ಹಳದಿ, ನಡುವೆ ಯಾರೋ ಪ್ರೇಮಿಸುತ್ತಿದ್ದವರು ಬಳಿದ ಗುಲಾಬಿ.

"ಪ್ರೊಫೆಸರ್, ಇದು ಬಾಗ್ಲಲ್ಲ, ಹುಟ್ಟುಹಬ್ಬದ ಕೇಕು" ಎಂದ ಬಡಗಿ.

ನಿನ್ನ ಮೊಮ್ಮಗಳು ರೆನಿಟಾ ನಾಲ್ಕಾರು ಸಲ ಬಾಗಿಲು ತೆಗೆದು ಹಾಕಿ ಪರೀಕ್ಷಿಸಿ, "ಇನ್ನು ನಾನು ಜೋರಾಗೇ ಊದಬಹುದು" ಎಂದು ತೀರ್ಪು ಕೊಟ್ಟಳು. ಇಷ್ಟು ದಿನ ಊದುತ್ತಿದ್ದದ್ದು ಮೆಲ್ಲಗಂತೆ!

ಐದು ವರ್ಷದ ಹಿಂದೆ ಬೀಗ ಹಾಕಲು ಹೊರಟಿದ್ದ ಶಾಲೆಗೆ ಈಗ ಸೀಟಿಗಾಗಿ ಜನ ಕಾಯುತ್ತಿದ್ದಾರೆ, ಓಡೆಸಾ. ನಮ್ಮ ಕಾಲ್ಡರ್‌ಗೆ!

ಅದಿರಲಿ. ನಿನ್ನ ಮನೆಯ ಮೆಟ್ಟಿಲ ಕಂಬಿಗೆ ಯಾರದ್ದೋ ದುಬಾರಿ ಸೈಕಲ್ ಕಟ್ಟಿಹಾಕಿದೆ. ಕಿಟಕಿಯಲ್ಲಿ ನಿನ್ನ ಪರದೆಗಳಿಲ್ಲ. ನಿನ್ನ ಅಕ್ಕ ಲುಸಿಲ್‌ಳನ್ನು ಕೇಳಿದರೆ, "ಕಾಗದ ಕೊಡು, ತಲುಪಿಸ್ತೀನಿ" ಎಂದಳೇ ಹೊರತು ಬಾಯಿ ಬಿಡಲಿಲ್ಲ. ಎಲ್ಲಿಗೆ ಹೋದೆ? ನನಗೊಂದು ಮಾತು ಹೇಳದೆ?

ನಿನ್ನ ಬಾಲ್ಯದ ನೆರೆಯವನು, ಬಾಗಿಲುಗಳ ಇತಿಹಾಸಕಾರ,
ರಾಸ್ಕೋ ಟಿಲ್ಲರಿ


ಡ್ಯಾರೋ
ಅಕ್ಟೋಬರ್ 3, 2004

ಪ್ರಿಯ ರಾಸ್ಕೋ,

ಬಾಗಿಲಿಗೆ ನನ್ನ ಅಭಿನಂದನೆ ತಿಳಿಸು. ಮೇಲೆ ಬರೆದಿರುವುದು ನನ್ನ ಹೊಸ ಊರು. ಫೋನು ಮಾಡಬೇಡ. ಫೋನಿನಲ್ಲಿ ನೀನು ಭಾಷಣ ಮಾಡುತ್ತೀಯೆ. ಕಾಗದವಾದರೆ ಹಾಳೆಯಾದರೂ ಮುಗಿಯುತ್ತದೆ.

ನಿನ್ನ ಶಾಲೆ ಚೆನ್ನಾಯಿತು, ರಾಸ್ಕೋ. ಎಷ್ಟು ಚೆನ್ನಾಯಿತೆಂದರೆ ಅದರ ಹತ್ತಿರ ಇರಲು ನಮಗೆ ಆಗಲಿಲ್ಲ. ಮನೆಯೊಡೆಯ ಜೂನ್‌ನಲ್ಲಿ ಬಂದು, ಟೋಪಿಯನ್ನು ಕೈಯಲ್ಲಿ ತಿರುಗಿಸುತ್ತ ನಿಂತ.

"ಮಿಸ್ ಓಡೆಸಾ, ನೀವಂದ್ರೆ ನಂಗೆ ತಾಯಿ ಇದ್ದಂಗೆ. ಆದ್ರೆ ಯಾರೋ ಪ್ರೊಫೆಸರ್ ದಂಪತಿ ಒಳ್ಳೆ ಬೆಲೆಗೆ ಕೇಳ್ತಾ ಇದಾರೆ..."

"ನಿಮ್ಮಮ್ಮಂಗೂ ಹಿಂಗೇ ನೋಟೀಸ್ ಕೊಟ್ಟು ಕಳ್ಸಿದ್ಯೇನಪ್ಪ?" ಎಂದೆ.

ಅವನು ನಕ್ಕ. ನಾನೂ ನಕ್ಕೆ. ಆಮೇಲೆ ಗಂಟುಮೂಟೆ ಕಟ್ಟಿದೆ. ನಾನು ಹೊರಡುವ ಮುಂಚೆಯೇ ಕಿಟಕಿಗೆ ಹಲಗೆ ಬಿತ್ತು: 'ಕಾಲ್ಡರ್ ಶಾಲೆಯ ಎಲ್ಲೆಯೊಳಗಿನ ಮನೆ.' ಮನೆಗಿಂತ ಶಾಲೆಯ ಹೆಸರೇ ದೊಡ್ಡಕ್ಷರದಲ್ಲಿ. ನಿನಗೆ ಹೇಳದೆ ಹೋದದ್ದು ನಿಜ. ಹೇಳಿದ್ದರೆ ನೀನು ಏನಾದರೂ ಮಾಡಲು ಹೊರಡುತ್ತಿದ್ದೆ. ನೀನು ಏನಾದರೂ ಮಾಡಲು ಹೊರಟರೆ ಮೊದಲು ಸಮಿತಿ ಮಾಡುತ್ತೀಯೆ.

ಈಗ ಹೇಳುವುದು ನಿನ್ನ ಕಿವಿಗೆ ಮಾತ್ರ. ಡ್ಯಾರೋ ಇರುವುದು ಕೌಂಟಿಯ ಗಡಿಯಾಚೆ, ಬೇರೆ ಜಿಲ್ಲೆ. ಕಾಯಿದೆಯ ಪ್ರಕಾರ ರೆನಿಟಾ ಇಲ್ಲಿಯ ಶಾಲೆಗೇ ಹೋಗಬೇಕು. ಅದು ನಮ್ಮ ಮನೆಯೆದುರಿಗೇ ಇದೆ. ಅಲ್ಲಿ ವಾದ್ಯಗಳಿಲ್ಲ. ಅವಳ ತಾಯಿ ಸೈನ್ಯದ ಕೆಲಸಕ್ಕೆ ಸಮುದ್ರ ದಾಟಿ ಹೋದ ಮೇಲೆ ಈ ಮಗು ಮಾತು ನಿಲ್ಲಿಸಿಬಿಟ್ಟಿತ್ತು, ನಿನಗೇ ಗೊತ್ತು. ಮಾತು ಮರಳಿದ್ದು ಆ ಸಂಗೀತದ ಕೋಣೆಯಲ್ಲಿ, ನಿನ್ನ ವಿಶ್ವವಿದ್ಯಾಲಯ ಟ್ರಂಪೆಟ್ ಕೈಗೆ ಕೊಟ್ಟ ದಿನ. ಅದನ್ನು ಕಿತ್ತುಕೊಳ್ಳಲು ನನ್ನಿಂದಾಗಲಿಲ್ಲ. ಶಾಲೆಯ ಕಡತದಲ್ಲಿ ಅವಳ ವಿಳಾಸ ಈಗ ಲುಸಿಲ್ ಮನೆಯದು.

ಬೆಳಗ್ಗೆ ಎರಡು ಬಸ್ಸು ಹಿಡಿಯುತ್ತೇವೆ. ನನ್ನ ಗಂಡ ಆಲ್ವಿನ್‌ನ ಟ್ರಂಪೆಟ್ ಎಂದೋ ಮಾರಿಹೋಯಿತು. ಅದರ ತುದಿಗೆ ಸಿಕ್ಕಿಸಿ ಊದುವ ಬೆಳ್ಳಿಯ ಪುಟ್ಟ ಬಟ್ಟಲು, ಮೌತ್‌ಪೀಸ್, ಅದೊಂದನ್ನು ಉಳಿಸಿಕೊಂಡಿದ್ದೆ. ಅದನ್ನು ಅವಳಿಗೆ ಕೊಟ್ಟೆ. ಶಾಲೆಯಲ್ಲಿ ಅದನ್ನೇ ಟ್ರಂಪೆಟ್ಟಿಗೆ ಸಿಕ್ಕಿಸುತ್ತಾಳೆ; ಬಸ್ಸಿನಲ್ಲಿ ಅದೊಂದನ್ನೇ ತುಟಿಗಿಟ್ಟು 'ಜುಂಯ್' ಎಂದು ಅಭ್ಯಾಸ ಮಾಡುತ್ತಾಳೆ. ಮೊದಲನೇ ಬಸ್ಸಿನ ಚಾಲಕ ಕ್ಲೀವ್ ಅವಳಿಗೆ 'ಸೊಳ್ಳೆ' ಎಂದು ಹೆಸರಿಟ್ಟಿದ್ದಾನೆ.

"ಏನ್ ಸೊಳ್ಳೆ, ಇವತ್ತು ಯಾರ್ ರಕ್ತ?" ಎನ್ನುತ್ತಾನೆ.

"ನಿಮ್ದೇ ಮಿಸ್ಟರ್ ಕ್ಲೀವ್, ಮುಂದೇನೇ ಕೂತಿದೀರಲ್ಲ" ಎನ್ನುತ್ತಾಳೆ ಇವಳು.

ಮೊನ್ನೆ ಇಡೀ ಬಸ್ಸು ಸೇರಿ ಒಂದು ಭಜನೆಯ ಧಾಟಿ ಹಾಡಿತು, ಇವಳು ಜುಂಯ್‌ಗುಟ್ಟಿದಳು. ನರ್ಸೊಬ್ಬಳು ತನ್ನ ಸ್ಟಾಪ್ ಮರೆತು ಮುಂದಕ್ಕೆ ಹೋದಳು. ನೀನಿದ್ದಿದ್ದರೆ ಚೆನ್ನಾಗಿರುತ್ತಿತ್ತು.

ನಿನ್ನ,
ಓಡೆಸಾ ಪೆಟಿಫೋರ್ಡ್


ಕಾಲ್ಡರ್ ಸ್ಟ್ರೀಟ್
ನವೆಂಬರ್ 12, 2004

ಪ್ರಿಯ ಓಡೆಸಾ,

ಎದ್ದು ನಿಂತು ಓದು. ನಮ್ಮ ಯೋಜನೆಗೆ ಇನ್ನೂ ಐದು ವರ್ಷ ಆಯುಸ್ಸು ಸಿಕ್ಕಿದೆ. ಕೊಡಿಸಿದವನು ನಾನಲ್ಲ, ನಿನ್ನ ಸೊಳ್ಳೆ.

ಹೋದ ವಾರ ವಿಶ್ವವಿದ್ಯಾಲಯದ ಧರ್ಮದರ್ಶಿಗಳ ಔತಣವಿತ್ತು. ನೆರವು ಕೊಡುವ ಪ್ರತಿಷ್ಠಾನದವರೂ, ನಗರದ ಶಾಲಾ ಕಚೇರಿಯವರೂ ಬಂದಿದ್ದರು. ಬಿಳಿ ಸಾರಿನಲ್ಲಿ ಮುಳುಗಿದ ಕೋಳಿ. ಅದು ನಮ್ಮ ಹಳೆಯ ಫಲಿತಾಂಶಗಳಿಗಿಂತಲೂ ಶೋಚನೀಯ. ನಾನು ಎದ್ದು ನಕ್ಷೆಗಳನ್ನು ತೋರಿಸತೊಡಗಿದೆ. ಓದಿನ ಮಟ್ಟ ಇಷ್ಟು ಏರಿತು, ಗೈರುಹಾಜರಿ ಇಷ್ಟು ಇಳಿಯಿತು. ಮೂರನೆಯ ನಕ್ಷೆಯ ಹೊತ್ತಿಗೆ ಒಬ್ಬ ಧರ್ಮದರ್ಶಿಯ ಗಲ್ಲ ಟೈ ಮೇಲೆ ವಿಶ್ರಮಿಸಿತ್ತು. ಪ್ರತಿಷ್ಠಾನದ ಹೆಂಗಸು ಬ್ರೆಡ್ಡಿನ ಚೂರುಗಳಿಂದ ಬೆಟ್ಟ ಕಟ್ಟುತ್ತಿದ್ದಳು. ಐದು ವರ್ಷದ ಶ್ರಮ ಕಣ್ಣೆದುರೇ ಮುಳುಗುತ್ತಿತ್ತು.

ಆಗ ನಕ್ಷೆ ಮಡಚಿಟ್ಟು, "ಒಬ್ಬ ಹುಡುಗಿಯ ಕಥೆ ಹೇಳುತ್ತೇನೆ" ಎಂದೆ.

ಹೆಸರು ಹೇಳಲಿಲ್ಲ, ಗಾಬರಿಯಾಗಬೇಡ. ನಾನೇನು ಎಳೆಮಗುವೇ? ಎರಡು ಬಸ್ಸು, ಅಜ್ಜನ ಮೌತ್‌ಪೀಸ್, ಜುಂಯ್, ಸ್ಟಾಪ್ ಮರೆತ ನರ್ಸು. ಕೋಣೆ ಹೇಗೆ ಬದಲಾಯಿತು ಅಂತೀ! ಮಲಗಿದ್ದ ಗಲ್ಲ ಎದ್ದು ಕೂತು, "ಎಲ್ಲಿಂದ ಬರ್ತಾಳೆ ಅಂದ್ರಿ?" ಎಂದು ಕೇಳಿತು.

"ಡ್ಯಾರೋದಿಂದ ಸರ್! ಕೌಂಟಿ ಗಡಿ ದಾಟಿ! ಮನೆ ಎದುರಿಗೇ ಬೇರೆ ಶಾಲೆ ಇದೆ, ಅದಕ್ಕೆ ಬೆನ್ನು ಹಾಕಿ ನಮ್ಮ ಕಾಲ್ಡರ್‌ಗೆ ಬರ್ತಾಳೆ. ಐದು ವರ್ಷದ ಹಿಂದೆ ಈ ಶಾಲೆಯಿಂದ ಮಕ್ಕಳು ಓಡಿ ಹೋಗ್ತಿದ್ರು. ಇವತ್ತು ಗಡಿ ದಾಟಿ ಓಡಿ ಬರ್ತಾರೆ!"

ಚಪ್ಪಾಳೆ ನಿಲ್ಲಲಿಲ್ಲ. ಪ್ರತಿಷ್ಠಾನದ ಹೆಂಗಸು ಕರವಸ್ತ್ರಕ್ಕಾಗಿ ಚೀಲ ತಡಕಿದಳು. ಕೋಳಿಗೂ ಒಂದು ಕ್ಷಣ ಜೀವ ಬಂದಂತಿತ್ತು.

ನಮ್ಮ ವಿಶ್ವವಿದ್ಯಾಲಯದ ಪತ್ರಿಕೆ ಅದನ್ನೆಲ್ಲ ಅಚ್ಚು ಹಾಕಿದೆ. ತುಣುಕು ಲಗತ್ತಿಸಿದ್ದೇನೆ. 'ಎರಡು ಬಸ್ಸಿನ ಹುಡುಗಿ' ಎಂಬ ಶೀರ್ಷಿಕೆ ನನ್ನದೇ. ಜೊತೆಗೆ ಶಾಲೆಯ ವಾದ್ಯವೃಂದದ ಚಿತ್ರ. ಎಡದಿಂದ ಎರಡನೆಯವಳು, ಕೆನ್ನೆ ಎರಡೂ ಬಲೂನು, ಯಾರೆಂದು ನಿನಗೆ ಹೇಳಬೇಕಿಲ್ಲ.

ಉಬ್ಬಿದ ಹಳೆಯ ಬಾಗಿಲು,
ರಾಸ್ಕೋ


ಡ್ಯಾರೋ
ಡಿಸೆಂಬರ್ 9, 2004

ಮಾನ್ಯ ಪ್ರೊಫೆಸರ್ ಟಿಲ್ಲರಿಯವರಿಗೆ,

ನೀವು ಕಳಿಸಿದ ಪತ್ರಿಕೆಯ ತುಣುಕು ತಲುಪಿತು. ರೆನಿಟಾ ಅದನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದಳು. ನಾನೂ ಹಿಗ್ಗಿದೆ, ಅದರ ಪ್ರತಿ ತೆಗೆಸಿ ಅವಳ ತಾಯಿಗೂ ಕಳಿಸಿದೆ. ಅದನ್ನು ಮೊದಲು ಹೇಳಿಬಿಡುತ್ತೇನೆ.

ಥ್ಯಾಂಕ್ಸ್‌ಗಿವಿಂಗ್ ಆದ ಮೇಲೆ ಬೆಳಗ್ಗೆ ಬೆಳಗ್ಗೆ ಲುಸಿಲ್ ಮನೆಯೆದುರು ಒಂದು ಕಾರು ನಿಲ್ಲತೊಡಗಿತು. ಒಳಗೊಬ್ಬ, ಕಾಫಿ ಕುಡಿಯುತ್ತ. ಚಳಿಯಲ್ಲಿ ಪಾಪ ಎಂದು ಲುಸಿಲ್ ಅವನಿಗೆ ಆಗಷ್ಟೇ ಬೇಯಿಸಿದ ಬಿಸಿ ಬಿಸ್ಕತ್ತು ಕೊಟ್ಟು ಬಂದಳು. ಅವನು ತಿಂದ. ಆಮೇಲೆ ಬಂದು ಬಾಗಿಲು ತಟ್ಟಿದ. ಶಾಲಾ ಕಚೇರಿಯವನು.

"ಮಗು ಎಲ್ಲಿ ಮಲಗುತ್ತಮ್ಮ? ಹಾಸ್ಗೆ ತೋರಿಸ್ತೀರಾ?" ಎಂದ.

ಲುಸಿಲ್ ಚರ್ಚಿನಲ್ಲಿ ಹಿರಿಯಳು. ಅವಳು ಹುಟ್ಟಿದಂದಿನಿಂದ ಸುಳ್ಳು ಹೇಳಿದವಳಲ್ಲ; ಅಭ್ಯಾಸವಿಲ್ಲ. ಹೊಲಿಗೆಯ ಕೋಣೆಗೆ ಕರೆದುಕೊಂಡು ಹೋಗಿ, ಬಟ್ಟೆ ರಾಶಿ ಹಾಕಿದ ಮೇಜು ತೋರಿಸಿ, "ಇಲ್ಲೇ" ಎಂದಳಂತೆ. ಆಮೇಲೆ ಅಲ್ಲೇ ಕೂತು ಅತ್ತಳಂತೆ.

ಗುರುವಾರ ಮಧ್ಯಾಹ್ನ ಶಾಲೆಯಿಂದ ಕರೆ ಬಂತು. ನಾನು ಹೋಗುವ ಹೊತ್ತಿಗೆ ಅವಳನ್ನು ಸಂಗೀತದ ತರಗತಿಯ ನಡುವೆಯೇ ಎಬ್ಬಿಸಿ ತಂದು, ಕೋಟು ತೊಡಿಸಿ, ಚೀಲ ತೊಡೆಯ ಮೇಲಿಟ್ಟು ಕಚೇರಿಯ ಬೆಂಚಿನ ಮೇಲೆ ಕೂರಿಸಿದ್ದರು. ಕಳ್ಳತನ ಮಾಡಿ ಸಿಕ್ಕಿಬಿದ್ದವರನ್ನು ಕೂರಿಸುವ ಹಾಗೆ.

ಮೊದಲ ಬಸ್ಸಿನಲ್ಲಿ ಅವಳು ಚೀಲ ತಬ್ಬಿಕೊಂಡೇ ಕೂತಿದ್ದಳು. ಎರಡನೆಯದರಲ್ಲಿ ಕೇಳಿದಳು.

"ಅಜ್ಜಿ, ಅವ್ರಿಗೆ ಹೆಂಗ್ ಗೊತ್ತಾಯ್ತು?"

ನಾನು ಅವಳ ಕೋಟಿನ ಗುಂಡಿ ಹಾಕಿದೆ.

"ಪ್ರೊಫೆಸರ್ ರಾಸ್ಕೋಗೆ ಹೇಳೋಣ. ಅವ್ರಿಗೆ ನಾನಂದ್ರೆ ಇಷ್ಟ. ನನ್ ಬಗ್ಗೆ ಪೇಪರ್‌ನಲ್ಲೇ ಬರ್ದಿದಾರೆ."

ಆ ತುಣುಕು ಇನ್ನೂ ಫ್ರಿಜ್ಜಿನ ಮೇಲಿದೆ. ಕಿತ್ತುಹಾಕಿದರೆ ಅವಳಿಗೆ ಕಾರಣ ಹೇಳಬೇಕಾಗುತ್ತದೆ. ಹಾಗಾಗಿ ಹಾಲು ತೆಗೆಯುವಾಗಲೆಲ್ಲ ಅದನ್ನು ನೋಡುತ್ತಿದ್ದೇನೆ.

ಇತಿ,
ಶ್ರೀಮತಿ ಓ. ಪೆಟಿಫೋರ್ಡ್


ಕಾಲ್ಡರ್ ಸ್ಟ್ರೀಟ್
ಡಿಸೆಂಬರ್ 14, 2004

ಓಡೆಸಾ,

ನಿನ್ನ ಕಾಗದ ಓದಿದ ತಕ್ಷಣ ನಾನು ಮಾಡಿದ ಮೊದಲ ಕೆಲಸ, ಶುಭ್ರವಾದ ಟೈ ಕಟ್ಟಿಕೊಂಡದ್ದು. ಮನುಷ್ಯನಿಗೆ ನಾಚಿಕೆಯಾದಾಗ ಟೈ ನೆನಪಾಗುವುದು ಎಂಥ ರೋಗವೋ ತಿಳಿಯದು. ಕಟ್ಟಿಕೊಂಡು ಶಾಲಾ ಕಚೇರಿಗೆ ಹೋದೆ. ಬಾಗಿಲಿಗೇ ಎದ್ದು ಬಂದು ಕೈಕುಲುಕಿದರು. ಔತಣದಲ್ಲಿ ನನ್ನ ಪಕ್ಕದ ಮೇಜಿನಲ್ಲಿದ್ದ ಅಧಿಕಾರಿಣಿಯೇ.

"ಎಂಥ ಭಾಷಣ ಪ್ರೊಫೆಸರ್! ನಮ್ಮನೇವ್ರಿಗೂ ಹೇಳ್ದೆ" ಎಂದರು.

ನಾನು ರೆನಿಟಾ ಪರವಾಗಿ ವಾದ ಹೂಡಿದೆ. ಮಗುವಿನ ವಿಳಾಸದ ಬಗ್ಗೆ ಏನೋ ತಪ್ಪು ತಿಳುವಳಿಕೆಯಾಗಿದೆ, ಸಾಕ್ಷಿ ಏನಿದೆ ಎಂದು ಕೇಳಿದೆ. ಹೌದು, ಹಾಗೆಯೇ ಕೇಳಿದೆ, ಧ್ವನಿ ಏರಿಸಿ. ಆಕೆ ಪಾಪ, ಮುಜುಗರದಿಂದ ಕಡತ ತೆರೆದು ನನ್ನ ಕಡೆಗೆ ತಿರುಗಿಸಿದರು. ಒಳಗಿದ್ದದ್ದು 'ಎರಡು ಬಸ್ಸಿನ ಹುಡುಗಿ.' ಚಿತ್ರದಲ್ಲಿ ಎಡದಿಂದ ಎರಡನೆಯವಳ ಸುತ್ತ ವೃತ್ತ. 'ಕೌಂಟಿ ಗಡಿ ದಾಟಿ' ಎಂಬ ನನ್ನ ಮಾತಿನ ಕೆಳಗೆ ಗೆರೆ.

"ಸೀಟಿಗೆ ಕಾಯ್ತಿರೋ ಅಪ್ಪ ಅಮ್ಮಂದಿರು ಕಳಿಸಿದ್ದು ಸರ್. ಬಹಳ ಜನ ನಿಮ್ಮ ವಿಶ್ವವಿದ್ಯಾಲಯದವ್ರೇ. ನಾವೇನ್ ಮಾಡೋಣ ಹೇಳಿ? ನೀವೇ ಹೇಳಿದೀರಿ, ಅಚ್ಚೂ ಆಗಿದೆ."

ಬಾಯಿಗೆ ಬಂದದ್ದು ಒಂದೇ ಒಂದು ಮಾತು, ಅದನ್ನೂ ಹೇಳಲಿಲ್ಲ: ನಾನು ಹೆಸರು ಹೇಳಿರಲಿಲ್ಲ. ಹೆಸರು ಹೇಳದಿದ್ದರೆ ಸಾಕೆಂದುಕೊಂಡಿದ್ದೆ, ಓಡೆಸಾ. ಪ್ರಬಂಧಗಳಲ್ಲಿ ನಾವು ಹಾಗೆಯೇ ಮಾಡುವುದು. ಹೆಸರು ತೆಗೆದುಬಿಟ್ಟರೆ ಮಗು ಉದಾಹರಣೆಯಾಗಿಬಿಡುತ್ತದೆ. ಉದಾಹರಣೆಗೆ ಯಾರು ಏನು ಮಾಡಿಯಾರು ಎಂದು ನಮ್ಮ ಭರವಸೆ. ಶಾಲೆಯಲ್ಲಿ ಟ್ರಂಪೆಟ್ ಊದುವ ಹುಡುಗಿ ಒಬ್ಬಳೇ ಎಂಬುದು ನನಗೆ ಹೊಳೆಯಲಿಲ್ಲ. ಕಿವಿಗೆ ಮಾತ್ರ ಎಂದು ನೀನು ಬರೆದಿದ್ದೆ. ಅದನ್ನೂ ಓದಿದ್ದೆ. ಆದರೆ ಕಥೆ ಚೆನ್ನಾಗಿತ್ತು, ಓಡೆಸಾ. ಬಾಯೊಳಗೆ ಇಟ್ಟುಕೊಳ್ಳಲು ಆಗದಷ್ಟು ಚೆನ್ನಾಗಿತ್ತು.

ನನ್ನ ಮನೆಯಲ್ಲಿ ಮೇಲಿನ ಕೋಣೆ ಖಾಲಿಯಿದೆ. ಶಾಲೆಯ ಎಲ್ಲೆಯೊಳಗೇ ಇದೆ. ವಾರದ ದಿನಗಳಲ್ಲಿ ರೆನಿಟಾ ಅಲ್ಲಿರಲಿ, ಕಾಗದಪತ್ರಕ್ಕೆ ನಾನು ಸಹಿ ಹಾಕುತ್ತೇನೆ. ನಮ್ಮವರು ಶಾಲೆಯ ಬಳಿ ಮನೆ ಕೊಳ್ಳಲೆಂದು ವಿಶ್ವವಿದ್ಯಾಲಯ ಕೊಟ್ಟ ನೆರವಿನಿಂದ ಕೊಂಡ ಮನೆ ಅದು. ಆ ನೆರವು ಬರಲೇಬೇಕೆಂದು ಪ್ರಸ್ತಾವ ಬರೆದವನೂ ನಾನೇ. ನಿನ್ನ ಹಳೆಯ ಮನೆಯ ದಂಪತಿಯೂ ಅದೇ ನೆರವಿನಿಂದ ಬಂದವರು. ಒಳ್ಳೆಯವರು. ನನ್ನ ಕಂಡರೆ ಕೈಬೀಸುತ್ತಾರೆ.

ಈ ಸಾಲುಗಳನ್ನು ಹೊಡೆದುಹಾಕಬೇಕೆಂದಿದ್ದೆ. ಇರಲಿ.

ರಾಸ್ಕೋ


ಕಾಲ್ಡರ್ ಸ್ಟ್ರೀಟ್
ಫೆಬ್ರವರಿ 6, 2005

ಓಡೆಸಾ,

ನಿನ್ನಿಂದ ಉತ್ತರವಿಲ್ಲ. ಇರಬೇಕೆಂದು ನಾನೂ ಹೇಳುತ್ತಿಲ್ಲ.

ಜನವರಿಯಲ್ಲಿ ಮತ್ತೊಂದು ಸೇವಾ ದಿನವಾಯಿತು. ಹಳದಿ ಅಂಗಿಗಳು ಬಂದವು. ನಾನು ತಡೆಯುವಷ್ಟರಲ್ಲಿ ಸಂಗೀತದ ಕೋಣೆಯ ಬಾಗಿಲಿಗೆ ಎರಡು ಪದರ ಬಣ್ಣ ಬಿದ್ದಿತ್ತು. ಈಗ ಅದು ಮತ್ತೆ ಮುಚ್ಚುವುದಿಲ್ಲ. ಒಳಗಿನದೆಲ್ಲ ಹೊರಗೆ ಕೇಳಿಸುತ್ತದೆ. ಆದರೆ ಕೇಳಿಸಿಕೊಳ್ಳಬೇಕಾದದ್ದು ಅಲ್ಲಿಲ್ಲ. ಶಿಕ್ಷಕಿ ಮಿಸ್ ಪೋಲ್ಕ್ ಟ್ರಂಪೆಟ್ಟನ್ನು ಬೇರೆ ಯಾರಿಗೂ ಕೊಟ್ಟಿಲ್ಲ. ನನ್ನನ್ನು ಕಂಡರೆ ಆಕೆಗೆ ಕಿಟಕಿಯ ಹೊರಗೆ ಏನೋ ಕಾಣಿಸುತ್ತದೆ, ಆ ಕಡೆಗೆ ತಿರುಗಿಕೊಳ್ಳುತ್ತಾಳೆ.

ಕಳೆದ ವಾರ ಇನ್ನೊಂದು ಊರಿನಲ್ಲಿ ಸಮ್ಮೇಳನವಿತ್ತು. ದೇಶದ ನಾನಾ ವಿಶ್ವವಿದ್ಯಾಲಯಗಳಿಂದ, ನನ್ನ ಹಾಗೆ ಶಾಲೆಗಳ ಕೈಹಿಡಿದವರೆಲ್ಲ ಸೇರಿದ್ದರು. ವೇದಿಕೆ ಹತ್ತುವ ಮುಂಚೆ ನಮ್ಮ ಅಧ್ಯಕ್ಷರು ಭುಜ ತಟ್ಟಿ, "ಆ ಸೊಳ್ಳೆ ಕಥೆ ಹೇಳ್ರೀ, ರಾಸ್ಕೋ. ಜನ ಅದಕ್ಕೇ ಬಂದಿದಾರೆ" ಎಂದರು.

ಹತ್ತಿದೆ. ಹೇಳಬೇಕಿತ್ತು. ನಾವು ಎತ್ತಿದ ಶಾಲೆ ಇದು. ಎತ್ತಿದ್ದರಿಂದ ಈ ಬೀದಿಯ ಜನ ಉದುರಿದರು. ಉದುರಿದವರಲ್ಲಿ ಒಂದು ಮಗು ಹಟ ಹಿಡಿದು ಮರಳಿ ಬರುತ್ತಿತ್ತು, ಅದನ್ನೂ ನಾನೇ ಬಾಯಾರೆ ಹೊರಗಟ್ಟಿದೆ ಎಂದು ಹೇಳಬೇಕಿತ್ತು. ಹೋಟೆಲಿನ ಕನ್ನಡಿಯೆದುರು ಅಭ್ಯಾಸ ಮಾಡಿಕೊಂಡೇ ಹೋಗಿದ್ದೆ. ಅಲ್ಲಿ ಚೆನ್ನಾಗಿ ಬಂದಿತ್ತು. ಕಣ್ಣಲ್ಲಿ ನೀರೂ ಬಂದಿತ್ತು. ವೇದಿಕೆಯ ಮೇಲೆ ಬಾಯಿ ತೆರೆದಾಗ ಹೆದರಿಕೆಯಾಯಿತು. ಇದನ್ನು ಹೇಳಿದರೆ ಜನ ಇದಕ್ಕೂ ಚಪ್ಪಾಳೆ ಹೊಡೆದಾರು ಎಂದು ಹೆದರಿಕೆ. ಹೀಗೆಂದು ನನಗೆ ನಾನೇ ಹೇಳಿಕೊಂಡೆ. ಆದರೆ ನಿಜವಾದ ಹೆದರಿಕೆ, ಹೊಡೆಯದಿದ್ದರೆ ಎಂಬುದೇ ಇರಬೇಕು. ನಕ್ಷೆಗಳನ್ನು ತೋರಿಸಿದೆ. ಎಲ್ಲವನ್ನೂ ತೋರಿಸಿದೆ. ಕೂತೆ.

ಆಮೇಲೆ ಕಾಫಿಯ ಹತ್ತಿರ ಒಬ್ಬ ತರುಣಿ ಬಂದಳು. ಎಲ್ಲೋ ದೂರದ ಊರಿನಲ್ಲಿ ಈಗಷ್ಟೇ ಇಂಥದೇ ಕೆಲಸಕ್ಕೆ ಕೈಹಾಕಿದವಳು. ನಮ್ಮ ಪತ್ರಿಕೆಯ ತುಣುಕನ್ನು ತನ್ನ ಮೇಜಿನ ಮೇಲೆ ಅಂಟಿಸಿಕೊಂಡಿದ್ದಾಳಂತೆ.

"ಸರ್, ಆ ಹುಡುಗಿ ಹೇಗಿದಾಳೆ ಈಗ?"

"ಚೆನ್ನಾಗಿದಾಳೆ" ಎಂದೆ. "ತುಂಬಾ ಚೆನ್ನಾಗಿದಾಳೆ."

ಆಕೆ ಎದೆಯ ಮೇಲೆ ಕೈಯಿಟ್ಟುಕೊಂಡು ನಕ್ಕಳು. ನಾನು ಕಾಫಿ ಲೋಟ ಅಲ್ಲೇ ಬಿಟ್ಟು ಹೊರಗೆ ಬಂದೆ.

ನಾಲ್ಕು ಹಾಳೆಗೆ ಒಂದು ತಮಾಷೆ ಎಂದು ನನ್ನ ಲೆಕ್ಕವಿರುತ್ತಿತ್ತು, ನೀನೇ ಛೇಡಿಸುತ್ತಿದ್ದೆ. ಈ ಕಾಗದಕ್ಕೆ ಹುಡುಕಿದೆ, ಸಿಗಲಿಲ್ಲ.

ಅವಳು ಹೇಗಿದ್ದಾಳೆ?

ರಾಸ್ಕೋ


ಡ್ಯಾರೋ
ಮಾರ್ಚ್ 13, 2005

ರಾಸ್ಕೋ,

ಕಡೆಗೂ ಕೇಳಿದೆಯಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಕೇಳುವ ಮೊದಲೇ ಉತ್ತರ ಹೇಳಿಬಿಡುವುದು ನಿನ್ನ ಹಳೆಯ ಚಾಳಿ, ಮೂರನೇ ಕ್ಲಾಸಿನಿಂದಲೂ.

ಅವಳು ಎದುರಿನ ಶಾಲೆಗೆ ಹೋಗುತ್ತಿದ್ದಾಳೆ. ಒಳ್ಳೆಯ ಜನ, ದಣಿದ ಜನ. ಮಂಗಳವಾರ ಒಬ್ಬಳು ಟೀಚರು ಚಕ್ರದ ಗಾಡಿಯಲ್ಲಿ ಪ್ಲಾಸ್ಟಿಕ್ ಕೊಳಲುಗಳನ್ನು ತಳ್ಳಿಕೊಂಡು ಬರುತ್ತಾಳೆ. ರೆನಿಟಾ ಮುಟ್ಟುವುದಿಲ್ಲ.

"ಇದು ಬೊಂಬೆ ಅಜ್ಜಿ" ಎನ್ನುತ್ತಾಳೆ.

ಮಾತು ಕಡಿಮೆಯಾಗಿದೆ. ಮೊದಲಿನಷ್ಟಲ್ಲ, ಆದರೆ ಕಡಿಮೆಯಾಗಿದೆ. ಪಾತ್ರೆ ತೊಳೆಯುವಾಗ ಒಮ್ಮೊಮ್ಮೆ ಹಿಂದಿನಿಂದ ಸಣ್ಣಗೆ ಕೇಳಿಸುತ್ತದೆ. ತಿರುಗಿದರೆ ಬರೀ ತುಟಿಯಲ್ಲೇ ಜುಂಯ್ ಎನ್ನುತ್ತಿರುತ್ತಾಳೆ. ನಾನು ತಿರುಗಿದೊಡನೆ ನಿಲ್ಲಿಸುತ್ತಾಳೆ. ಈಗ ತಿರುಗುವುದನ್ನು ಬಿಟ್ಟಿದ್ದೇನೆ.

ಮೇಲಿನ ಕೋಣೆಯ ಮಾತು ಇನ್ನೆಂದೂ ಎತ್ತಬೇಡ. ತಾಯಿಯನ್ನು ಸೈನ್ಯಕ್ಕೆ ಕೊಟ್ಟಾಗಿದೆ. ಮಗುವನ್ನು ವಾರಕ್ಕೈದು ದಿನ ವಿಶ್ವವಿದ್ಯಾಲಯಕ್ಕೂ ಕೊಡಲಾರೆ.

ನಾಚಿಕೆ ಎಲ್ಲವನ್ನೂ ನೀನೊಬ್ಬನೇ ಗುತ್ತಿಗೆ ಹಿಡಿದವನ ಹಾಗೆ ಬರೆದಿದ್ದೀಯೆ. ನನ್ನ ಪಾಲು ನನಗೆ ಬಿಡು. ಬೇಸಿಗೆಯಲ್ಲಿ, ಶಾಲೆ ಶುರುವಾಗುವ ಮುಂಚೆ, ಆ ಮಗುವನ್ನು ಅಡುಗೆಮನೆಯಲ್ಲಿ ನಿಲ್ಲಿಸಿ ಲುಸಿಲ್ ಮನೆಯ ವಿಳಾಸ ಬಾಯಿಪಾಠ ಮಾಡಿಸಿದೆ. ಚರ್ಚಿನ ವಾಕ್ಯ ಹೇಳಿಸಿದ ಹಾಗೆ. ತಡವರಿಸಿದರೆ ಮೊದಲಿನಿಂದ. "ಯಾರಾದ್ರೂ ಕೇಳಿದ್ರೆ?" "ಅಲ್ಲಿದೀನಿ ಅಂತೀನಿ." "ನಗ್ತಾ ಹೇಳು." ನಕ್ಕು ಹೇಳಿದಳು. ಈಗ ಹೊಸ ಶಾಲೆಗೆ ಸೇರಿಸುವಾಗ ಯಾರೋ ವಿಳಾಸ ಕೇಳಿದರು. ಇವಳು ನನ್ನ ಮುಖ ನೋಡಿದಳು, ಯಾವುದನ್ನು ಹೇಳಲಿ ಎಂಬಂತೆ. ಎಲ್ಲರೆದುರು. ಅದು ನಿನ್ನ ಭಾಷಣದಿಂದ ಆದದ್ದಲ್ಲ.

ತುಣುಕನ್ನು ಹೋದ ವಾರ ಅವಳೇ ಫ್ರಿಜ್ಜಿನಿಂದ ಕಿತ್ತಳು. ಹರಿಯಲಿಲ್ಲ, ಮಡಚಿ ಡ್ರಾಯರಿನಲ್ಲಿಟ್ಟಳು. "ಅವ್ರು ಬೇಕಂತ ಮಾಡ್ಲಿಲ್ಲ ಅಲ್ವಾ?" ಎಂದು ಕೇಳಿದಳು. ಇಲ್ಲ ಎಂದೆ. "ಹಾಗಾದ್ರೆ ಯಾಕ್ ಬರ್ಲಿಲ್ಲ?" ಎಂದಳು. ನೀನು ಇಷ್ಟು ಕಾಗದ ಬರೆದೆ, ರಾಸ್ಕೋ. ಟೈ ಕಟ್ಟಿಕೊಂಡು ಕಚೇರಿಗೆ ಹೋದೆ. ಇಲ್ಲಿಗೆ ಬರಲಿಲ್ಲ.

ಈಗ ಒಂದು ಸಣ್ಣ ಉಪಕಾರವಾಗಬೇಕು. ಆ ಗುರುವಾರ ತರಗತಿಯ ನಡುವೆ ಎಬ್ಬಿಸಿದಾಗ ಟ್ರಂಪೆಟ್ಟು ಹಾಗೆಯೇ ಪೆಟ್ಟಿಗೆ ಸೇರಿತು. ಟ್ರಂಪೆಟ್ ನಿಮ್ಮದು, ಇಟ್ಟುಕೊಳ್ಳಿ. ಅದರ ತುದಿಯಲ್ಲಿರುವ ಮೌತ್‌ಪೀಸ್ ಆಲ್ವಿನ್‌ದು. ಇಷ್ಟು ದಿನವಾದ್ದರಿಂದ ಕಚ್ಚಿಕೊಂಡಿರುತ್ತದೆ. ನಿನ್ನ ಹಳದಿ ಅಂಗಿಯವರ ಕೈಗೆ ಕೊಡಬೇಡ, ಇಕ್ಕಳ ಹಾಕಬೇಡ; ಅದನ್ನು ಎಳೆಯಲೆಂದೇ ಒಂದು ಸಲಕರಣೆ ಮಿಸ್ ಪೋಲ್ಕ್ ಹತ್ತಿರ ಇದೆ, ಕೇಳು. ಕಿಟಕಿಯ ಕಡೆ ತಿರುಗಿಕೊಂಡರೂ ಕೊಡುತ್ತಾಳೆ. ಉಗುರುಬೆಚ್ಚನೆ ನೀರಲ್ಲಿ ತೊಳೆದು ಕಾಲುಚೀಲದಲ್ಲಿ ಸುತ್ತಿಕೋ.

ಅಂಚೆಯಲ್ಲಿ ಕಳಿಸಬೇಡ. ಶನಿವಾರ ಬೆಳಗ್ಗೆ ನೀನೇ ತಾ. ಕಾರಿನಲ್ಲಿ ಬರಬೇಡ, ಬಸ್ಸಿನಲ್ಲಿ ಬಾ. ಶಾಲೆಯ ಮುಂದೆ ಮೊದಲನೆಯದನ್ನು ಹತ್ತು, ಸೇತುವೆ ದಾಟಿದ ಮೇಲೆ ಇಳಿ. ಎರಡನೆಯದು ರಸ್ತೆಯಾಚೆ ಬರುತ್ತದೆ, ಕಾಯುವುದಿಲ್ಲ, ಓಡಬೇಕು. ಕ್ಲೀವ್ ಇರುತ್ತಾನೆ. ಮುಂದಿನ ಸೀಟಿನಲ್ಲಿ ಕೂತು, ಸೊಳ್ಳೆಯ ಮನೆಗೆ ಹೋಗುತ್ತಿದ್ದೇನೆ ಎನ್ನು. ಡಿಸೆಂಬರ್‌ನಿಂದ ಅವನಿಗೆ ಯಾರೂ ಏನೂ ಹೇಳಿಲ್ಲ. ಎಲ್ಲಿ ಹೋದಳು ಎಂದು ಕೇಳುತ್ತಾನೆ. ಅವನಿಗೆ ಪೂರ್ತಿ ಹೇಳು. ದಾರಿ ಸಾಕಷ್ಟು ಉದ್ದವಿದೆ. ಟೈರ್ ಅಂಗಡಿ ಕಂಡ ಕೂಡಲೇ ಬಸ್ಸು ನಿಲ್ಲಿಸಲು ಕಿಟಕಿಯ ಮೇಲಿನ ಹಗ್ಗ ಎಳೆ, ಇಲ್ಲದಿದ್ದರೆ ಮುಂದಕ್ಕೆ ಹೋಗಿಬಿಡುತ್ತೀಯೆ.

ಓಡೆಸಾ